ಕ್ಯಾಮೆರಾ, ಮೊಬೈಲ್, ಹಳೆಯ ವಿಸಿಡಿ: ಮೂರನ್ನೂ ಒಂದೇ ಟೈಮ್‌ಲೈನಿಗೆ ತರುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮೂರ ಯಕ್ಷಗಾನ ಮೇಳದ ಮೇಲೆ ಸಾಕ್ಷ್ಯಚಿತ್ರ ಮಾಡುತ್ತಿದ್ದೇವೆ. ಒಂದು ರಾತ್ರಿಯ ಆಟವನ್ನು ಸೋನಿ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಎಕ್ಸ್‌ಎವಿಸಿ ಎಚ್‌ಎಸ್ 4ಕೆ, 50 ಫ್ರೇಮ್, 10-ಬಿಟ್ 4:2:2, ಎಸ್-ಲಾಗ್3ರಲ್ಲಿ ತೆಗೆದಿದ್ದೇವೆ. ಸುಮಾರು ಎರಡು ಗಂಟೆ ಫುಟೇಜ್ ಇದೆ. ರಂಗಸ್ಥಳದ ಎದುರು ಟ್ರೈಪಾಡಿನಲ್ಲಿ ಒಂದು ಮೊಬೈಲ್ ಇಟ್ಟು 1080ರಲ್ಲಿ ಇಡೀ ಆಟ ರೆಕಾರ್ಡ್ ಮಾಡಿದ್ದೇವೆ. ಧ್ವನಿಗೆ ಬೇರೆ ರೆಕಾರ್ಡರ್ ಇತ್ತು. ಜೊತೆಗೆ ಇಪ್ಪತ್ತು ವರ್ಷ ಹಳೆಯ ಆಟವೊಂದರ ವಿಸಿಡಿ ಸಿಕ್ಕಿದೆ. ಎಡಿಟಿಂಗ್ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ. ಲ್ಯಾಪ್‌ಟಾಪ್ ವಿಂಡೋಸ್, 12ನೇ ತಲೆಮಾರಿನ ಐ5, 16 ಜಿಬಿ ರ‍್ಯಾಮ್. ಕ್ಯಾಮೆರಾ ಫೈಲ್ ಹಾಕಿದರೆ ಧ್ವನಿ ಮಾತ್ರ ಬರುತ್ತದೆ, ಚಿತ್ರವಿಲ್ಲ. ಮೊಬೈಲ್ ಫೈಲಿನಲ್ಲಿ ಹೋಗ್ತಾ ಹೋಗ್ತಾ ಚೆಂಡೆಯ ಪೆಟ್ಟು ಒಂದು ಕಡೆ, ಶಬ್ದ ಇನ್ನೊಂದು ಕಡೆ. ಎಲ್ಲವನ್ನೂ ಪ್ರೋರೆಸ್ ಎಚ್‌ಕ್ಯೂಗೆ ಕನ್ವರ್ಟ್ ಮಾಡಿ ಎಂದು ಯಾರೋ ಹೇಳಿದರು. ಕ್ಯಾಮೆರಾ ಫುಟೇಜ್ ಒಂದೇ 1.3 ಟಿಬಿ ಆಯಿತು. ಡಿಎನ್‌ಎಕ್ಸ್‌ಎಚ್‌ಆರ್ ಎಸ್‌ಕ್ಯೂಗೆ ಹಾಕಿದರೆ ಹಿನ್ನೆಲೆಯ ಪರದೆಯಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ. ಸರಿಯಾದ ದಾರಿ ಯಾವುದು?

ಉತ್ತರ: ನಿಮ್ಮ ಹತ್ತಿರ ಇರುವುದು ಒಂದು ತೊಂದರೆ ಅಲ್ಲ, ಮೂರು. ಕ್ಯಾಮೆರಾ ಫೈಲಿನದು ಡೀಕೋಡಿಂಗ್ (ಒತ್ತಿಟ್ಟ ಚಿತ್ರವನ್ನು ಬಿಚ್ಚುವ) ಸಮಸ್ಯೆ, ಮೊಬೈಲಿನದು ಫ್ರೇಮ್ ರೇಟ್ ಸಮಸ್ಯೆ, ವಿಸಿಡಿಯದು ಹಳೆಯ ಡಿಸ್ಕಿನ ಸಮಸ್ಯೆ. ಎಲ್ಲವನ್ನೂ ಒಂದೇ ಫಾರ್ಮ್ಯಾಟಿಗೆ ದಬ್ಬಿದರೆ ಡಿಸ್ಕ್ ತುಂಬುತ್ತದೆ, ತೊಂದರೆ ಮಾತ್ರ ಹಾಗೇ ಉಳಿಯುತ್ತದೆ. ಆದ್ದರಿಂದ ಕನ್ವರ್ಟ್ ಮಾಡುವ ಮುಂಚೆ ಪ್ರತಿ ಬಗೆಯ ಒಂದೊಂದು ಫೈಲನ್ನು ಮೀಡಿಯಾಇನ್‌ಫೋ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ನೋಡಿ. ಅದರ ಉದ್ದ ಪಟ್ಟಿಯಲ್ಲಿ ನಿಮಗೆ ಬೇಕಾದ್ದು ನಾಲ್ಕೇ ಸಾಲು: ಫಾರ್ಮ್ಯಾಟ್, ಬಿಟ್ ಡೆಪ್ತ್ (ಬಣ್ಣದ ಮೆಟ್ಟಿಲುಗಳ ಲೆಕ್ಕ: 8-ಬಿಟ್, 10-ಬಿಟ್), ಕ್ರೋಮಾ ಸಬ್‌ಸ್ಯಾಂಪ್ಲಿಂಗ್ (ಬಣ್ಣದ ವಿವರ ಎಷ್ಟು ಉಳಿದಿದೆ: 4:2:2ನಂಥದ್ದು), ಮತ್ತು ಫ್ರೇಮ್ ರೇಟ್ ಮೋಡ್. ಫೈಲಿನ ಹೆಸರಿನ ಕೊನೆಗೆ ಎಂಪಿ4 ಎಂದಿದೆಯೋ ಎಂಒವಿ ಎಂದಿದೆಯೋ ಎಂಬುದರಿಂದ ಏನೂ ತಿಳಿಯುವುದಿಲ್ಲ. ಅದು ಡಬ್ಬಿ ಮಾತ್ರ, ಒಳಗಿನ ಸರಕು ಬೇರೆ. ಡಬ್ಬಿಯಷ್ಟೇ ಬದಲಿಸಿದರೆ ಸಾಕಾಗುವ ಸಂದರ್ಭಗಳೂ ಇವೆ. ಉದಾಹರಣೆಗೆ, ಓಬಿಎಸ್ ಎಂಬ ಸ್ಕ್ರೀನ್ ರೆಕಾರ್ಡಿಂಗ್ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿದ ಎಂಕೆವಿ ಫೈಲನ್ನು ಎಂಪಿ4ಗೆ ಮರುತುಂಬಲು ಕೆಲವೇ ಕ್ಷಣ ಸಾಕು, ಗುಣಮಟ್ಟ ಒಂದಿಷ್ಟೂ ಕಡಿಮೆಯಾಗದು. ಆದರೆ ನಿಮ್ಮ ಮೂರು ಬಗೆಯ ಫೈಲುಗಳಲ್ಲಿ ಯಾವುದಕ್ಕೂ ಆ ಮದ್ದು ನಾಟುವುದಿಲ್ಲ.

ಮೊದಲು ಕ್ಯಾಮೆರಾ.

ಎಕ್ಸ್‌ಎವಿಸಿ ಎಚ್‌ಎಸ್ ಎಂದರೆ ಒಳಗೆ ಎಚ್.265 ಎಂಬ ಸಂಕುಚನ ವಿಧಾನ. ವಿಂಡೋಸ್‌ನಲ್ಲಿ ರಿಸಾಲ್ವ್‌ನ ಉಚಿತ ಆವೃತ್ತಿ 10-ಬಿಟ್ ಎಚ್.265 ಚಿತ್ರವನ್ನು ಬಿಚ್ಚುವುದಿಲ್ಲ. ಧ್ವನಿ ಮಾಮೂಲಿ ಪಿಸಿಎಂ (ಸಂಕುಚಿಸದ ಧ್ವನಿ) ಆದ್ದರಿಂದ ಅದೊಂದು ಬರುತ್ತದೆ. ಫೈಲ್ ಕೆಟ್ಟಿಲ್ಲ, ಕಾರ್ಡ್ ಕೆಟ್ಟಿಲ್ಲ, ಕೋಡೆಕ್ ಪ್ಯಾಕ್ ಹಾಕಿದರೂ ಪ್ರಯೋಜನವಿಲ್ಲ. ಅದೇ ಫೈಲ್ ವಿಎಲ್‌ಸಿಯಲ್ಲಿ ಓಡುತ್ತದೆ, ಆ್ಯಪಲ್ ಸಿಲಿಕಾನ್ ಮ್ಯಾಕ್‌ನಲ್ಲಿ ಉಚಿತ ರಿಸಾಲ್ವ್‌ನಲ್ಲೂ ತೆರೆದುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಉಚಿತ ಆವೃತ್ತಿ ಇನ್ನೂ ಕಟ್ಟುನಿಟ್ಟು: 8-ಬಿಟ್ ಎಚ್.264 ಕೂಡ ತೆರೆಯದು.

ತೆರೆದರೂ ಎಚ್.265 ಎಡಿಟಿಂಗಿಗೆ ಭಾರ ಏಕೆಂದರೆ ಅದರಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರವಾಗಿ ಇರುವುದಿಲ್ಲ. ಆಗೊಂದು ಈಗೊಂದು ಪೂರ್ಣ ಫ್ರೇಮ್, ನಡುವಿನವೆಲ್ಲ ಹಿಂದುಮುಂದಿನದಕ್ಕೆ ಹೋಲಿಸಿ ಬರೆದಿಟ್ಟ ವ್ಯತ್ಯಾಸಗಳು. ಸುಮ್ಮನೆ ನೋಡುತ್ತಾ ಹೋಗಲು ಇದು ಅಡ್ಡಿಯಿಲ್ಲ. ಆದರೆ ಎಡಿಟ್ ಮಾಡುವಾಗ ನೀವು ಎಲ್ಲಿ ಬೇಕೋ ಅಲ್ಲಿಗೆ ಹಾರುತ್ತೀರಿ, ಹಿಂದಕ್ಕೆ ಓಡಿಸುತ್ತೀರಿ. ಪ್ರತಿ ಸಲ ಕಂಪ್ಯೂಟರ್ ಹಿಂದಿನ ಪೂರ್ಣ ಫ್ರೇಮಿಗೆ ಹೋಗಿ ಅಲ್ಲಿಂದ ಲೆಕ್ಕ ಹಾಕುತ್ತಾ ಬರಬೇಕು. ಪ್ರೋರೆಸ್, ಡಿಎನ್‌ಎಕ್ಸ್‌ಎಚ್‌ಆರ್, ಸಿನಿಫಾರ್ಮ್ ಈ ಮೂರರಲ್ಲೂ ಪ್ರತಿ ಫ್ರೇಮ್ ಸ್ವತಂತ್ರ. ಫೈಲ್ ದೊಡ್ಡದಾಗುವುದಕ್ಕೂ ಎಡಿಟಿಂಗ್ ಹಗುರಾಗುವುದಕ್ಕೂ ಇದೇ ಮುಖ್ಯ ಕಾರಣ.

ಈಗ ನಿಮ್ಮ 1.3 ಟಿಬಿ ಲೆಕ್ಕ. ಪ್ರೋರೆಸ್ 422 ಎಚ್‌ಕ್ಯೂ, ಯುಎಚ್‌ಡಿ (ಅಂದರೆ ನಿಮ್ಮ 4ಕೆ), 50 ಫ್ರೇಮ್ ಎಂದರೆ ಸೆಕೆಂಡಿಗೆ ಸುಮಾರು 1475 ಮೆಗಾಬಿಟ್, ಗಂಟೆಗೆ 664 ಜಿಬಿ. ಎರಡು ಗಂಟೆಗೆ ನೀವು ಕಂಡ ಅಂಕಿ ಸರಿಯಾಗಿ ಬರುತ್ತದೆ. ನಿಮ್ಮ ಮೂಲ ಫೈಲ್ ಇರುವುದು ಸೆಕೆಂಡಿಗೆ ಹೆಚ್ಚೆಂದರೆ 200 ಮೆಗಾಬಿಟ್‌ನಲ್ಲಿ, ಅಂದರೆ ಗಂಟೆಗೆ 90 ಜಿಬಿ. ಅದರಲ್ಲಿ ಇಲ್ಲದ ವಿವರವನ್ನು ಎಚ್‌ಕ್ಯೂ ಹುಟ್ಟಿಸುವುದಿಲ್ಲ. ಎಚ್‌ಕ್ಯೂ ಬೇಕಾಗುವುದು ಕಡಿಮೆ ಸಂಕುಚಿತ ಅಥವಾ ರಾ ಫುಟೇಜಿನಿಂದ ಮಾಸ್ಟರ್ ತೆಗೆಯುವಾಗ, ಹಸಿರು ಪರದೆ ತೆಗೆಯುವ ಕೀಯಿಂಗ್‌ನಂಥ ವಿಎಫ್‌ಎಕ್ಸ್ ಕೆಲಸ ಇರುವಾಗ. ನಿಮಗೆ ಸಾದಾ ಪ್ರೋರೆಸ್ 422 ಧಾರಾಳ: ಅದೂ 10-ಬಿಟ್, ಅದೂ 4:2:2. ಯುಎಚ್‌ಡಿ 50 ಫ್ರೇಮಿಗೆ ಗಂಟೆಗೆ 442 ಜಿಬಿ, 25 ಫ್ರೇಮಿಗೆ 221 ಜಿಬಿ.

ಡಿಎನ್‌ಎಕ್ಸ್‌ಎಚ್‌ಆರ್‌ನಲ್ಲಿ ಪಟ್ಟೆ ಬಂದದ್ದು ಯಾಕೆ? ಆ ಕುಟುಂಬದಲ್ಲಿ ಎಲ್‌ಬಿ, ಎಸ್‌ಕ್ಯೂ, ಎಚ್‌ಕ್ಯೂ ಮೂರೂ 8-ಬಿಟ್. ಹೆಸರಿನಲ್ಲಿ ಹೈ ಕ್ವಾಲಿಟಿ ಎಂದಿದ್ದರೂ ಎಚ್‌ಕ್ಯೂ ಕೂಡ 8-ಬಿಟ್ಟೇ, ಎಷ್ಟೋ ಜನ ಇಲ್ಲೇ ಎಡವುತ್ತಾರೆ. 10-ಬಿಟ್ ಬೇಕೆಂದರೆ ಎಚ್‌ಕ್ಯೂಎಕ್ಸ್‌ಗೇ ಹೋಗಬೇಕು. 10-ಬಿಟ್‌ನಲ್ಲಿ ಪ್ರತಿ ಬಣ್ಣಕ್ಕೆ 1024 ಮೆಟ್ಟಿಲು, 8-ಬಿಟ್‌ನಲ್ಲಿ 256. ಎಸ್-ಲಾಗ್3 ಇಡೀ ದೃಶ್ಯದ ಬೆಳಕನ್ನು ಚಪ್ಪಟೆಯಾಗಿ ಒತ್ತಿ ನಡುವಿನ ಮೆಟ್ಟಿಲುಗಳಲ್ಲಿ ತುಂಬಿರುತ್ತದೆ. ಗ್ರೇಡಿಂಗಿನಲ್ಲಿ, ಅಂದರೆ ಬಣ್ಣ ತಿದ್ದುವಾಗ, ನೀವು ಅದನ್ನು ಮತ್ತೆ ಎಳೆದು ಹರಡುತ್ತೀರಿ. 256 ಮೆಟ್ಟಿಲು ಹಾಗೆ ಎಳೆದಾಗ ನಡುವೆ ಖಾಲಿ ಬೀಳುತ್ತದೆ. ನೀಲಿ ಪರದೆಯ ಮೇಲೆ ದೀಪದ ಬೆಳಕು ನಿಧಾನಕ್ಕೆ ಕರಗುವ ಜಾಗ ಇರುತ್ತದಲ್ಲ, ಅಲ್ಲೇ ಆ ಖಾಲಿ ಪಟ್ಟೆಯಾಗಿ ಕಾಣುವುದು. ಲಾಗ್ ಅಲ್ಲದ ಮಾಮೂಲಿ ಪ್ರೊಫೈಲಿನಲ್ಲಿ ತೆಗೆದಿದ್ದರೆ ಎಸ್‌ಕ್ಯೂ ಕೂಡ ನಡೆಯುತ್ತಿತ್ತು. ಎಚ್‌ಕ್ಯೂಎಕ್ಸ್ ಗಾತ್ರದಲ್ಲಿ ಹೆಚ್ಚುಕಡಿಮೆ ಪ್ರೋರೆಸ್ ಎಚ್‌ಕ್ಯೂ ಅಷ್ಟೇ ಆಗುವುದರಿಂದ, ನಿಮ್ಮ ಡಿಸ್ಕಿನ ದೃಷ್ಟಿಯಿಂದಲೂ ಪ್ರೋರೆಸ್ 422 ಮೇಲು. ವಿಂಡೋಸ್‌ನ ರಿಸಾಲ್ವ್ ಪ್ರೋರೆಸ್ ಫೈಲನ್ನು ಯಾವ ತಕರಾರೂ ಇಲ್ಲದೆ ಓದುತ್ತದೆ.

ಆದರೆ ಎರಡು ಗಂಟೆಯನ್ನೂ ಕನ್ವರ್ಟ್ ಮಾಡಬೇಡಿ. ಎಲ್ಲ ಫೈಲನ್ನೂ ವಿಎಲ್‌ಸಿಯಲ್ಲಿ ಒಮ್ಮೆ ನೋಡಿ, ಬೇಕಾದ ಭಾಗಗಳ ಆರಂಭ, ಅಂತ್ಯ ಬರೆದುಕೊಳ್ಳಿ. ಕನ್ವರ್ಟ್ ಮಾಡಲು ಶಟರ್ ಎನ್‌ಕೋಡರ್ ಬಳಸಿ. ಉಚಿತ, ಒಳಗೆ ಕೆಲಸ ಮಾಡುವುದು ಎಫ್‌ಎಫ್‌ಎಂಪೆಗ್. ಅದರಲ್ಲಿ ಮರು ಎನ್‌ಕೋಡ್ ಇಲ್ಲದೆ ಕತ್ತರಿಸುವ ಸೌಲಭ್ಯ ಇದೆ. ಅದು ಪೂರ್ಣ ಫ್ರೇಮ್ ಇರುವ ಜಾಗದಲ್ಲಿ ಮಾತ್ರ ಸರಿಯಾಗಿ ಕತ್ತರಿಸಬಲ್ಲದು, ಆದ್ದರಿಂದ ಹಿಂದೆ ಮುಂದೆ ಮೂರು ನಾಲ್ಕು ಸೆಕೆಂಡು ಬಿಟ್ಟು ಗುರುತು ಹಾಕಿ. ಹೀಗೆ ಎರಡು ಗಂಟೆಯ ಫುಟೇಜ್ ಬರೀ ಐವತ್ತು ನಿಮಿಷಕ್ಕೆ ಇಳಿಯಿತು ಎನ್ನೋಣ.

ಆ ಐವತ್ತು ನಿಮಿಷದಲ್ಲಿ ಇನ್ನೊಂದು ವಿಂಗಡಣೆ. ಸಾಕ್ಷ್ಯಚಿತ್ರದ ಟೈಮ್‌ಲೈನ್ 25 ಫ್ರೇಮ್ ಇಡಿ. ಚೌಕಿಯಲ್ಲಿ ಬಣ್ಣ ಹಚ್ಚುವುದು, ಭಾಗವತರ ಪದ್ಯ, ಸಂದರ್ಶನ ಇವಕ್ಕೆ 50 ಫ್ರೇಮ್ ಬೇಕಿಲ್ಲ. ಕನ್ವರ್ಟ್ ಮಾಡುವಾಗಲೇ 25ಕ್ಕೆ ಇಳಿಸಬಹುದು. ಸರಿಯಾಗಿ ಅರ್ಧ ಆದ್ದರಿಂದ ಒಂದು ಬಿಟ್ಟು ಒಂದು ಫ್ರೇಮ್ ತೆಗೆದರೆ ಮುಗಿಯಿತು, ಚಲನೆ ಕುಂಟುವುದಿಲ್ಲ. ಕುಣಿತವನ್ನು, ಅದರಲ್ಲೂ ಗಿರಗಿರನೆ ತಿರುಗುವ ಧಿಗಿಣವನ್ನು, 50ರಲ್ಲೇ ಬಿಡಿ. ಮುಂದೆ ನಿಧಾನಗತಿ ಬೇಕೆನಿಸಿದರೆ 25ರ ಟೈಮ್‌ಲೈನಿನಲ್ಲಿ ಅರ್ಧ ವೇಗಕ್ಕೆ ಇಳಿಸಲು ಒಂದು ಫ್ರೇಮೂ ಸುಳ್ಳು ಸೃಷ್ಟಿಸಬೇಕಾಗಿಲ್ಲ. ಇನ್ನೊಂದು ವಿಷಯ: 50 ಫ್ರೇಮಿಗೆ ಶಟರ್ 1/100 ಇಟ್ಟಿದ್ದರೆ, 25ಕ್ಕೆ ಇಳಿಸಿದಾಗ ವೇಗದ ಚಲನೆ ಕಡಿಕಡಿದು ಕಾಣುತ್ತದೆ, ಏಕೆಂದರೆ ಪ್ರತಿ ಫ್ರೇಮಿನಲ್ಲಿ ಇರಬೇಕಾದ ಮಸುಕು ಅರ್ಧವೇ ಇರುತ್ತದೆ. ಕೂತು ಮಾತಾಡುವವರಲ್ಲಿ ಇದು ತಿಳಿಯದು, ತಿರುಗುವ ವೇಷದಲ್ಲಿ ತಕ್ಷಣ ತಿಳಿಯುತ್ತದೆ. 1/50 ಇಟ್ಟಿದ್ದರೆ ಚಿಂತೆಯಿಲ್ಲ.

ಲೆಕ್ಕ ಈಗ ಹೀಗಾಯಿತು: ಕುಣಿತ 15 ನಿಮಿಷ, 50 ಫ್ರೇಮ್, ಸುಮಾರು 110 ಜಿಬಿ, ಉಳಿದ 35 ನಿಮಿಷ, 25 ಫ್ರೇಮ್, ಸುಮಾರು 130 ಜಿಬಿ. 1.3 ಟಿಬಿ ಇದ್ದದ್ದು 240 ಜಿಬಿಗೆ ಬಂತು. ಗ್ರೇಡಿಂಗಿನಲ್ಲಿ ಕಾಣುವ ನಷ್ಟವೇನೂ ಇಲ್ಲ.

ಶಟರ್ ಎನ್‌ಕೋಡರ್‌ನಲ್ಲಿ ಮಾಡಬೇಕಾದ್ದು ಇಷ್ಟು. ಫೈಲುಗಳನ್ನು ಎಡಗಡೆಯ ಪಟ್ಟಿಗೆ ಎಳೆದು ಹಾಕಿ. ಫಂಕ್ಷನ್ ಆಯ್ಕೆಯಲ್ಲಿ ಆ್ಯಪಲ್ ಪ್ರೋರೆಸ್, ಪಕ್ಕದಲ್ಲಿ 422. 25ಕ್ಕೆ ಇಳಿಸುವ ಫೈಲುಗಳಿಗೆ ಅಡ್ವಾನ್ಸ್ಡ್ ಫೀಚರ್ಸ್ ಭಾಗದಲ್ಲಿ ‘ಕನ್‌ಫಾರ್ಮ್ ಬೈ’ ಗುರುತು ಹಾಕಿ, ವಿಧಾನ ‘ಡ್ರಾಪ್’, ಅಂಕಿ 25. ಅಲ್ಲಿ ‘ಬ್ಲೆಂಡಿಂಗ್’ ಎಂದು ಬಿಟ್ಟರೆ ಎರಡೆರಡು ಫ್ರೇಮ್ ಬೆರೆತು ಕೈಗೆ ನೆರಳುಕೈ ಅಂಟಿದ ಹಾಗೆ ಕಾಣುತ್ತದೆ. ‘ಸ್ಲೋ ಮೋಷನ್’ ಎಂದಿದ್ದರೆ ಫೈಲಿನ ಉದ್ದವೇ ಎರಡರಷ್ಟಾಗುತ್ತದೆ. ಲಟ್ (ಬಣ್ಣ ಬದಲಿಸುವ ಸಿದ್ಧ ಕೋಷ್ಟಕ) ಏನನ್ನೂ ಹಾಕಬೇಡಿ. ಲಾಗ್ ಲಾಗ್ ಆಗಿಯೇ ಬರಲಿ. ಕನ್ವರ್ಷನ್‌ನಲ್ಲೇ ಲಟ್ ಒತ್ತಿಬಿಟ್ಟರೆ ಸುಟ್ಟುಹೋದ ಕಿರೀಟದ ಹೊಳಪನ್ನು ಆಮೇಲೆ ಮರಳಿ ತರಲಾಗದು. ಮೊದಲು ಒಂದೇ ಚಿಕ್ಕ ಫೈಲ್ ಕನ್ವರ್ಟ್ ಮಾಡಿ, ರಿಸಾಲ್ವ್‌ಗೆ ಹಾಕಿ, ಗ್ರೇಡ್ ಮಾಡಿ ನೋಡಿ. ಸರಿಯಿದ್ದರೆ ಉಳಿದದ್ದನ್ನು ರಾತ್ರಿ ಹಾಕಿ ಮಲಗಬಹುದು. ವಿಂಡೋಸ್‌ನ ಸ್ಲೀಪ್ ಸೆಟ್ಟಿಂಗ್ ತೆಗೆದಿರಿ. ಲ್ಯಾಪ್‌ಟಾಪ್ ನಡುರಾತ್ರಿ ನಿದ್ದೆಗೆ ಹೋದರೆ ಅರ್ಧ ಬರೆದ ಎಂಒವಿ ಫೈಲ್ ಸಾಮಾನ್ಯವಾಗಿ ತೆರೆಯುವುದೇ ಇಲ್ಲ, ಅದರ ಸೂಚಿ ಬರೆಯುವುದು ಕೊನೆಯಲ್ಲಿ.

ಸೋನಿ ಕಾರ್ಡಿನ ಒಂದು ಕಿರಿಕಿರಿ ಇಲ್ಲೇ ಹೇಳಬೇಕು. ಫೈಲಿನ ಹೆಸರು ಸಿ0001, ಸಿ0002 ಹೀಗೆ ಶುರುವಾಗುತ್ತದೆ. ಕಾರ್ಡ್ ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಿದಾಗ, ಸೆಟ್ಟಿಂಗ್ ಹಾಗಿದ್ದರೆ, ಮತ್ತೆ ಸಿ0001ರಿಂದ. ಎರಡು ಕಾರ್ಡಿನಲ್ಲಿ ಒಂದೇ ಹೆಸರಿನ ಎರಡು ಬೇರೆ ಶಾಟ್. ಕನ್ವರ್ಟ್ ಆದ ಫೈಲೆಲ್ಲ ಒಂದೇ ಫೋಲ್ಡರಿಗೆ ಬಿದ್ದರೆ ಒಂದರ ಮೇಲೆ ಇನ್ನೊಂದು ಬರೆಯಬಹುದು. ಬರೆಯದೆ ಉಳಿದರೂ ಮುಂದೆ ಮೂಲ ಫೈಲಿಗೆ ಮರುಜೋಡಿಸುವಾಗ ಬಣ್ಣ ಹಚ್ಚುವ ಶಾಟಿನ ಜಾಗದಲ್ಲಿ ಟೆಂಟಿನ ಶಾಟ್ ಬಂದು ಕೂರುತ್ತದೆ. ಟೈಮ್‌ಕೋಡ್ ಇದ್ದರೆ ರಿಸಾಲ್ವ್ ಅದನ್ನು ನೋಡಿ ಬಚಾವಾಗುತ್ತಿತ್ತು, ಆದರೆ ಸೋನಿ ಎಂಪಿ4ಗಳಲ್ಲಿ ಟೈಮ್‌ಕೋಡ್ ಪ್ರತ್ಯೇಕ ಮಾಹಿತಿ ಟ್ರ್ಯಾಕಿನಲ್ಲಿ ಇರುವುದರಿಂದ ಕನ್ವರ್ಟ್ ಆದ ಫೈಲ್ 00:00:00:00ಯಿಂದ ಶುರುವಾಗುವುದುಂಟು. ಹಾಗಾಗಿ ಕನ್ವರ್ಟ್ ಮಾಡುವ ಮೊದಲೇ ಪ್ರತಿ ಕಾರ್ಡಿನ ಫೈಲುಗಳನ್ನು ನಕಲು ಮಾಡಿ, ಆ ನಕಲುಗಳಿಗೆ ಕಾರ್ಡ್1, ಕಾರ್ಡ್2 ಎಂದು ಮುಂಗುರುತು ಸೇರಿಸಿ ಹೆಸರಿಡಿ. ಮೂಲ ಕಾರ್ಡಿನ ಫೋಲ್ಡರ್ ರಚನೆಯನ್ನು ಮಾತ್ರ ಮುಟ್ಟದೆ ಇಡಿಯಾಗಿ ಬೇರೆ ಡಿಸ್ಕಿಗೆ ನಕಲು ಮಾಡಿಡಿ. ಒಳಗಿನ ಎಕ್ಸ್‌ಎಂಎಲ್ ಫೈಲುಗಳು ಕಸವಲ್ಲ, ಅವು ಕ್ಯಾಮೆರಾ ಮಾಹಿತಿ.

ಕನ್ವರ್ಟ್ ಆದ ಫೈಲಿನಲ್ಲಿ ‘ಇದು ಎಸ್-ಲಾಗ್3’ ಎಂಬ ಗುರುತು ಉಳಿದಿರುವುದಿಲ್ಲ ಎಂದೇ ತಿಳಿಯಿರಿ. ರಿಸಾಲ್ವ್‌ನ ಕಲರ್ ಮ್ಯಾನೇಜ್‌ಮೆಂಟ್ ಬಳಸುತ್ತಿದ್ದರೆ ಮೀಡಿಯಾ ಪೂಲ್‌ನಲ್ಲಿ ಆ ಕ್ಲಿಪ್ಪುಗಳನ್ನೆಲ್ಲ ಆರಿಸಿ, ಬಲಗುಂಡಿ ಒತ್ತಿ, ಇನ್‌ಪುಟ್ ಕಲರ್ ಸ್ಪೇಸನ್ನು ನೀವೇ ಎಸ್-ಗ್ಯಾಮಟ್3.ಸಿನಿ / ಎಸ್-ಲಾಗ್3 ಎಂದು ಕೊಡಿ. ಕಪ್ಪು ಇದ್ದಕ್ಕಿದ್ದಂತೆ ಬೂದಿಯಾಗಿಯೋ ತೀರಾ ಜಜ್ಜಿದ ಹಾಗೋ ಕಂಡರೆ ಅದು ಲೆವೆಲ್ಸ್ ಗೊಂದಲ: ಕ್ಲಿಪ್ ಆಟ್ರಿಬ್ಯೂಟ್ಸ್‌ನಲ್ಲಿ ಡಾಟಾ ಲೆವೆಲ್ಸ್ ‘ವಿಡಿಯೋ’ ಮತ್ತು ‘ಫುಲ್’ ಎರಡನ್ನೂ ಇಟ್ಟು, ಮೂಲ ಫೈಲ್ ವಿಎಲ್‌ಸಿಯಲ್ಲಿ ಹೇಗೆ ಕಾಣುತ್ತದೋ ಅದಕ್ಕೆ ಹತ್ತಿರದ್ದನ್ನು ಆರಿಸಿ.

ಇನ್ನೊಂದು ದಾರಿಯೂ ಇದೆ, ಮುಚ್ಚಿಡುವುದಿಲ್ಲ. ರಿಸಾಲ್ವ್ ಸ್ಟುಡಿಯೋ ಒಂದೇ ಸಲ ಕೊಳ್ಳುವುದು, ಪಟ್ಟಿ ಬೆಲೆ 295 ಡಾಲರ್. ನಿಮ್ಮ ಐ5ನ ಒಳಗಿರುವ ಇಂಟೆಲ್ ಕ್ವಿಕ್ ಸಿಂಕ್ 10-ಬಿಟ್ 4:2:2 ಎಚ್.265ನ್ನು ಹಾರ್ಡ್‌ವೇರಿನಲ್ಲೇ ಬಿಚ್ಚಬಲ್ಲದು, ಆದರೆ ಅದನ್ನು ಬಳಸಿಕೊಳ್ಳುವುದು ಸ್ಟುಡಿಯೋ ಆವೃತ್ತಿ ಮಾತ್ರ. ಸ್ವಾರಸ್ಯವೆಂದರೆ ಎನ್‌ವಿಡಿಯಾ ಕಾರ್ಡುಗಳು 50ರ ಸರಣಿ ಬರುವವರೆಗೆ 4:2:2 ಬಿಚ್ಚುತ್ತಲೇ ಇರಲಿಲ್ಲ. ದುಬಾರಿ 40ರ ಸರಣಿಯ ಕಾರ್ಡ್ ಇದ್ದವರ ಯಂತ್ರವೂ ಈ ಫೈಲ್ ಮುಂದೆ ತಡವರಿಸುತ್ತದೆ, ನಿಮ್ಮ ಸಾದಾ ಐ5 ತಡವರಿಸುವುದಿಲ್ಲ. ವರ್ಷಕ್ಕೆ ಇಂಥ ನಾಲ್ಕಾರು ಕೆಲಸ ಇದ್ದರೆ ಹಾರ್ಡ್ ಡಿಸ್ಕುಗಳಿಗೆ ಸುರಿಯುವ ಹಣವನ್ನು ಇದಕ್ಕೆ ಹಾಕುವುದೇ ಲಾಭ. ಇದೊಂದೇ ಸಿನಿಮಾ ಆದರೆ ಕನ್ವರ್ಟ್ ಮಾಡಿ.

ಈಗ ಮೊಬೈಲ್. ನಿಜವಾಗಿ ಕಾಡುವುದು ಇದೇ.

ಮೀಡಿಯಾಇನ್‌ಫೋದಲ್ಲಿ ಈ ಫೈಲಿನ ಫ್ರೇಮ್ ರೇಟ್ ಮೋಡ್ ‘ವೇರಿಯಬಲ್’ ಎಂದಿರುತ್ತದೆ, ಕೆಳಗೆ ಕನಿಷ್ಠ, ಗರಿಷ್ಠ ಎಂದು ಎರಡು ಅಂಕಿ. ಮೊಬೈಲ್ ಗಡಿಯಾರ ನೋಡಿ ಫ್ರೇಮ್ ತೆಗೆಯುವುದಿಲ್ಲ. ಬೆಳಕು ಕಡಿಮೆಯಾದರೆ, ಬಿಸಿಯೇರಿದರೆ, ಪ್ರೊಸೆಸರ್ ಬೇರೆ ಕೆಲಸದಲ್ಲಿದ್ದರೆ ಒಂದೆರಡು ಫ್ರೇಮ್ ಬಿಟ್ಟು ಮುಂದೆ ಹೋಗುತ್ತದೆ. ಪ್ರತಿ ಫ್ರೇಮಿಗೂ ಅದರ ಸರಿಯಾದ ಸಮಯ ಬರೆದಿಡುವುದರಿಂದ ಮೊಬೈಲಿನಲ್ಲೇ ನೋಡಿದರೆ ಎಲ್ಲ ಸರಿ. ಎಡಿಟಿಂಗ್ ತಂತ್ರಾಂಶ ಆ ಸಮಯವನ್ನು ಲೆಕ್ಕಿಸದೆ, ಫ್ರೇಮುಗಳನ್ನು ಸಮ ಅಂತರದಲ್ಲಿ ಜೋಡಿಸಿದಾಗ ಗಡಿಬಿಡಿ ಶುರು. ಸರಾಸರಿ 29.87 ಬಂದಿದೆ ಎನ್ನಿ. ಒಂದು ಗಂಟೆಗೆ 1,07,532 ಫ್ರೇಮ್. ಇವನ್ನು 30ರಂತೆ ಓಡಿಸಿದರೆ ಚಿತ್ರ 3,584 ಸೆಕೆಂಡಿಗೆ ಮುಗಿಯುತ್ತದೆ. ಧ್ವನಿ ಮಾತ್ರ 3,600 ಸೆಕೆಂಡು ಇದೆ. ಗಂಟೆಯ ಕೊನೆಗೆ ಹದಿನೈದೂವರೆ ಸೆಕೆಂಡಿನ ಅಂತರ. ಚಂದ್ರಮತಿ ಅಳುವುದಕ್ಕೆ ಮುಂಚೆ ಮುಖ ಒರೆಸಿಕೊಂಡಿರುತ್ತಾಳೆ.

ಇದು ಅದೇ ರೋಗವೋ ಅಲ್ಲವೋ ಎಂದು ಖಚಿತ ಮಾಡಿಕೊಳ್ಳುವ ಬಗೆ: ಆರಂಭದಲ್ಲಿ, ನಡುವೆ, ಕೊನೆಯಲ್ಲಿ ಚೆಂಡೆಯ ಕೋಲು ಚರ್ಮಕ್ಕೆ ತಾಗುವ ಫ್ರೇಮ್ ಹುಡುಕಿ, ಧ್ವನಿಯ ಅಲೆಯಲ್ಲಿ ಅದೇ ಪೆಟ್ಟಿನ ಮೊನೆ ಎಲ್ಲಿದೆ ನೋಡಿ. ಚೆಂಡೆಗಿಂತ ಒಳ್ಳೆಯ ಕ್ಲ್ಯಾಪ್‌ಬೋರ್ಡ್ ನಿಮಗೆ ಸಿಗುವುದಿಲ್ಲ. ಅಂತರ ಆರಂಭದಿಂದ ಕೊನೆವರೆಗೂ ಒಂದೇ ಇದ್ದರೆ ಬರೀ ಜರುಗಿಸಿದರೆ ಸಾಕು. ಗಂಟೆಗೆ ಒಂದೆರಡು ಫ್ರೇಮ್ ಅಷ್ಟೇ, ಅದೂ ಸಮನಾಗಿ, ಹೆಚ್ಚುತ್ತಾ ಹೋದರೆ ಅದು ಎರಡು ಯಂತ್ರಗಳ ಗಡಿಯಾರದ ವ್ಯತ್ಯಾಸ. ಪ್ರತ್ಯೇಕ ರೆಕಾರ್ಡರ್ ಬಳಸಿದಾಗ ಇದು ಇದ್ದದ್ದೇ, ಪ್ರಸಂಗದ ನಡುವೆ ಮೌನ ಸಿಕ್ಕ ಕಡೆ ಧ್ವನಿ ಕತ್ತರಿಸಿ ಹೊಂದಿಸಿದರೆ ಮುಗಿಯಿತು. ಅಂತರ ಸೆಕೆಂಡುಗಟ್ಟಲೆ ಇದ್ದು, ಹೆಚ್ಚುವ ವೇಗವೂ ಒಂದೇ ಸಮ ಇಲ್ಲ ಎಂದಾದರೆ ವೇರಿಯಬಲ್ ಫ್ರೇಮ್ ರೇಟೇ ಕಾರಣ. ಅಂಥ ಕ್ಲಿಪ್ಪನ್ನು ವೇಗ ಬದಲಿಸಿ ಸರಿಪಡಿಸಲು ಹೋಗಬೇಡಿ. ಎರಡು ತುದಿ ಸೇರುತ್ತವೆ, ನಡು ಸೇರುವುದಿಲ್ಲ.

ಮದ್ದು: ಸ್ಥಿರ ಫ್ರೇಮ್ ರೇಟಿಗೆ ಕನ್ವರ್ಟ್ ಮಾಡುವುದು. ಶಟರ್ ಎನ್‌ಕೋಡರ್‌ನಲ್ಲಿ ಆ್ಯಪಲ್ ಪ್ರೋರೆಸ್, ಈ ಸಲ 422 ಎಲ್‌ಟಿ. 1080, 30 ಫ್ರೇಮಿಗೆ ಗಂಟೆಗೆ ಸುಮಾರು 46 ಜಿಬಿ ಆಗುತ್ತದೆ. 8-ಬಿಟ್ ಮೊಬೈಲ್ ಫುಟೇಜಿಗೆ ಇದಕ್ಕಿಂತ ಮೇಲಿನದು ದುಂದು. ‘ಕನ್‌ಫಾರ್ಮ್ ಬೈ’ಯಲ್ಲಿ ‘ಡ್ರಾಪ್’, ಅಂಕಿ 30. ಎಫ್‌ಎಫ್‌ಎಂಪೆಗ್ ಪ್ರತಿ ಫ್ರೇಮಿನ ನಿಜ ಸಮಯ ನೋಡಿ, ಖಾಲಿ ಬಿದ್ದಲ್ಲಿ ಹಿಂದಿನ ಫ್ರೇಮನ್ನೇ ಮತ್ತೊಮ್ಮೆ ಇಡುತ್ತದೆ, ಒತ್ತೊತ್ತಾಗಿ ಬಂದಲ್ಲಿ ಒಂದನ್ನು ಬಿಡುತ್ತದೆ. ಹಾಗಾಗಿ 30 ಕೊಟ್ಟರೂ 29.97 ಕೊಟ್ಟರೂ ಸಿಂಕ್ ಸರಿಯಾಗೇ ಬರುತ್ತದೆ. ಮಾಡಬಾರದ ಕೆಲಸವೆಂದರೆ, ಟೈಮ್‌ಲೈನ್ 25 ಇದೆಯೆಂದು ಇಲ್ಲೇ 25 ಕೊಡುವುದು. 30ರಿಂದ 25ಕ್ಕೆ ಇಳಿಸಿದರೆ ಆರರಲ್ಲಿ ಒಂದು ಫ್ರೇಮ್ ಹಾರಿಹೋಗಿ ಚಲನೆ ಎಡವುತ್ತದೆ, ಮತ್ತು ಆ ಎಡವು ಫೈಲಿನಲ್ಲಿ ಶಾಶ್ವತವಾಗುತ್ತದೆ. 30 ಆಗಿಯೇ ಟೈಮ್‌ಲೈನಿಗೆ ತನ್ನಿ, ಉಳಿದದ್ದು ರಿಸಾಲ್ವ್ ನೋಡಿಕೊಳ್ಳಲಿ. ನಿಮ್ಮ ಮೊಬೈಲ್ ಟ್ರೈಪಾಡಿನಲ್ಲಿ ಅಲುಗಾಡದೆ ಇದ್ದದ್ದರಿಂದ ಎಡವು ಅಷ್ಟಾಗಿ ಕಾಣದು. ಯಾವುದಾದರೂ ಶಾಟ್‌ನಲ್ಲಿ ಕಂಡರೆ ಆ ಕ್ಲಿಪ್ಪಿಗೆ ಮಾತ್ರ ಇನ್‌ಸ್ಪೆಕ್ಟರ್‌ನಲ್ಲಿ ರೀಟೈಮ್ ವಿಧಾನವನ್ನು ಆಪ್ಟಿಕಲ್ ಫ್ಲೋಗೆ ಬದಲಿಸಿ ನೋಡಿ. ಕುಣಿತಕ್ಕೆ ಬೇಡ, ಗೆಜ್ಜೆಗಾಲು ನೀರಿನಲ್ಲಿ ಕದಡಿದ ಹಾಗೆ ಆಗುತ್ತದೆ.

ಹ್ಯಾಂಡ್‌ಬ್ರೇಕ್ ಬಳಸಿ ಎಂದೂ ಯಾರಾದರೂ ಹೇಳಿಯಾರು. ಅದರಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಗುಂಡಿ ಇದೆ, ಸಿಂಕ್ ಸರಿಹೋಗುತ್ತದೆ; ಆದರೆ ಅದರಿಂದ ಸಾಮಾನ್ಯವಾಗಿ ಸಿಗುವುದು ಮತ್ತೆ ಎಚ್.264 ತರಹದ್ದೇ. ತುರ್ತಿಗೆ ಸರಿ. ಆನ್‌ಲೈನ್ ಕನ್ವರ್ಟರ್‌ಗಳ ಕಡೆ ತಲೆ ಹಾಕಬೇಡಿ. ಮತ್ತು ಮೊಬೈಲಿನಿಂದ ಫೈಲ್ ತೆಗೆದದ್ದು ಹೇಗೆ ಎಂದು ಒಮ್ಮೆ ನೆನಪಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ಆಗಿ ಕಳಿಸಿಕೊಂಡಿದ್ದರೆ ಅದು ಆಗಲೇ ಹಿಂಡಿದ ಫೈಲ್. ಕೇಬಲ್ ಹಾಕಿ ಮೂಲವನ್ನು ತೆಗೆದುಕೊಳ್ಳಿ. ಪೆನ್‌ಡ್ರೈವ್‌ನಲ್ಲಿ ತರುವುದಾದರೆ ಅದು ಎಕ್ಸ್‌ಫ್ಯಾಟ್ ಆಗಿರಲಿ, ಫ್ಯಾಟ್32 ಆದರೆ 4 ಜಿಬಿ ದಾಟಿದ ಫೈಲ್ ಕೂರದು.

ರೆಕಾರ್ಡರ್‌ನ ವೇವ್ ಫೈಲುಗಳು 48 ಕಿಲೋಹರ್ಟ್ಸ್ ಇದ್ದರೆ ಮುಟ್ಟಬೇಡಿ, ಹಾಗೇ ಹಾಕಿ.

ಪ್ರಾಜೆಕ್ಟ್ ತೆರೆದ ಕೂಡಲೇ, ಒಂದು ಕ್ಲಿಪ್ಪೂ ಒಳಗೆ ತರುವ ಮೊದಲು, ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಲೈನ್ ಫ್ರೇಮ್ ರೇಟ್ 25 ಎಂದು ಕೊಡಿ. ಮೀಡಿಯಾ ಪೂಲಿಗೆ ಕ್ಲಿಪ್ ಬಂದ ಮೇಲೆ ಆ ಅಂಕಿಗೆ ಬೀಗ ಬೀಳುತ್ತದೆ. ಮೊದಲ ಕ್ಲಿಪ್ ಎಳೆದಾಗ ‘ಫ್ರೇಮ್ ರೇಟ್ ಬದಲಿಸಲೇ?’ ಎಂದು ಕೇಳಿದರೆ ‘ಡೋಂಟ್ ಚೇಂಜ್’ ಒತ್ತಿ. ಇಲ್ಲವಾದರೆ ಮೊಬೈಲ್ ಕ್ಲಿಪ್ಪಿನ 30 ನಿಮ್ಮ ಇಡೀ ಸಿನಿಮಾಕ್ಕೆ ಅಂಟುತ್ತದೆ, ಅದು ನಿಮಗೆ ಗೊತ್ತಾಗುವುದು ರೆಂಡರ್ ಆದಮೇಲೆ.

ಡಿಸ್ಕಿನ ವೇಗವೂ ನೋಡಿಕೊಳ್ಳಿ. ಪ್ರೋರೆಸ್ 422 ಯುಎಚ್‌ಡಿ 50 ಫ್ರೇಮಿಗೆ ಸೆಕೆಂಡಿಗೆ 120 ಮೆಗಾಬೈಟ್‌ಗೂ ಮಿಕ್ಕಿ ಓದಬೇಕು. ಸಾಮಾನ್ಯ ಪೋರ್ಟಬಲ್ ಹಾರ್ಡ್ ಡಿಸ್ಕ್ ಕೊಡುವುದೇ ಅಷ್ಟು, ತುಂಬಿದಂತೆ ಇನ್ನೂ ಕಡಿಮೆ. ‘ಪ್ರೋರೆಸ್‌ಗೆ ಹಾಕಿದರೂ ಸಿಕ್ಕಿಕೊಳ್ಳುತ್ತದೆ’ ಎನ್ನುವ ದೂರುಗಳಲ್ಲಿ ಬಹುಪಾಲು ಇದೇ. ಪ್ರೊಸೆಸರ್ ಸುಮ್ಮನೆ ಕೂತಿರುತ್ತದೆ, ಡಿಸ್ಕ್ ಏದುಸಿರು ಬಿಡುತ್ತಿರುತ್ತದೆ. ಎಸ್‌ಎಸ್‌ಡಿ ಇದ್ದರೆ 240 ಜಿಬಿಯನ್ನು ಅದರಲ್ಲೇ ಇಡಿ. ಇಲ್ಲವಾದರೆ ರಿಸಾಲ್ವ್‌ನಲ್ಲಿ ಆ ಕ್ಲಿಪ್ಪುಗಳಿಗೆ ಅರ್ಧ ಅಥವಾ ಕಾಲು ಅಳತೆಯ ಪ್ರಾಕ್ಸಿ (ಎಡಿಟಿಂಗಿಗಷ್ಟೇ ಬಳಸುವ ಹಗುರ ನಕಲು) ಮಾಡಿಸಿ, ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಸಾಕು. ಪ್ಲೇಬ್ಯಾಕ್ ಮೆನುವಿನಲ್ಲಿ ‘ಪ್ರಿಫರ್ ಪ್ರಾಕ್ಸೀಸ್’ ಇಟ್ಟು ಎಡಿಟ್ ಮಾಡಿ. ಕಲರ್ ಮಾಡುವಾಗ ಪ್ರಾಕ್ಸಿ ತೆಗೆಯಿರಿ, ಏಕೆಂದರೆ ಎಲ್‌ಬಿ 8-ಬಿಟ್, ಅದರಲ್ಲಿ ಕಂಡ ಪಟ್ಟೆ ನಿಜವಲ್ಲ. ಡೆಲಿವರ್ ಪುಟದಲ್ಲಿ ‘ಯೂಸ್ ಪ್ರಾಕ್ಸಿ ಮೀಡಿಯಾ’ ಗುರುತು ಇರಕೂಡದು.

ಇನ್ನು ವಿಸಿಡಿ. ಡಿಸ್ಕಿನ ಎಂಪೆಗ್‌ಎವಿ ಫೋಲ್ಡರಿನಲ್ಲಿ ಡಿಎಟಿ ಎಂದು ಕೊನೆಗೊಳ್ಳುವ ಫೈಲ್ ಇರುತ್ತದೆ. ಒಳಗಿರುವುದು ಎಂಪೆಗ್-1, 352×288, 25 ಫ್ರೇಮ್, ಧ್ವನಿ 44.1 ಕಿಲೋಹರ್ಟ್ಸ್. ಗೀರು ಬಿದ್ದ ಡಿಸ್ಕಿನಿಂದ ವಿಂಡೋಸ್ ಎಕ್ಸ್‌ಪ್ಲೋರರ್‌ನಲ್ಲಿ ನಕಲು ಮಾಡಲು ಹೋದರೆ ಮೊದಲ ಓದಲಾಗದ ಜಾಗದಲ್ಲೇ ಕೆಲಸ ನಿಲ್ಲುತ್ತದೆ. ಐಸೋಬಸ್ಟರ್‌ನಂಥ ಸಲಕರಣೆ ಆ ಜಾಗ ಹಾರಿಸಿ ಮುಂದೆ ಹೋಗಬಲ್ಲದು, ಮತ್ತು ವಿಸಿಡಿ ಸೆಕ್ಟರುಗಳಿಂದ ಎಂಪೆಗ್ ಭಾಗವನ್ನಷ್ಟೇ ಸೋಸಿ ತೆಗೆಯುವ ಆಯ್ಕೆಯೂ ಅದರಲ್ಲಿದೆ. ಡಿಸ್ಕನ್ನು ಮೊದಲು ಮೆತ್ತಗಿನ ಒದ್ದೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ಒರೆಸಿ, ಸುತ್ತಲೂ ಉಜ್ಜಬೇಡಿ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುತ್ತದೆ. ಹಳೆಯ ಡೆಸ್ಕ್‌ಟಾಪ್‌ಗಳ ಡ್ರೈವನ್ನೂ ಪ್ರಯತ್ನಿಸಿ.

ಸಿಕ್ಕ ಫೈಲನ್ನು ಪ್ರೋರೆಸ್ ಎಲ್‌ಟಿಗೆ, ಧ್ವನಿ 48 ಕಿಲೋಹರ್ಟ್ಸ್ ಪಿಸಿಎಂಗೆ ಹಾಕಿ, ಅಳತೆ ಬದಲಿಸದೆ. ಚಿತ್ರ 4:3, 1080ರ ಎತ್ತರಕ್ಕೆ ಏರಿಸಿದರೆ ಅಗಲ 1440 ಬರಬೇಕು. 16:9 ತುಂಬಲಿ ಎಂದು ಅಗಲಕ್ಕೆ ಎಳೆದರೆ ಮುಂಡಾಸೂ ವೇಷಧಾರಿಯೂ ಡೊಳ್ಳಾಗುತ್ತಾರೆ. ನನ್ನ ಮಾತು ಕೇಳುವುದಾದರೆ ಪೂರ್ತಿ ಎತ್ತರಕ್ಕೂ ಏರಿಸಬೇಡಿ. ಮುಕ್ಕಾಲು ಎತ್ತರದಲ್ಲಿ ಕಪ್ಪು ಹಿನ್ನೆಲೆಯ ನಡುವೆ ಇಡಿ. 4ಕೆ ಚಿತ್ರದ ಪಕ್ಕದಲ್ಲಿ ಅದರ ಚೌಕ ಚೌಕ ಕಲೆಗಳು ಆಗ ಕಣ್ಣಿಗೆ ಅಷ್ಟು ಚುಚ್ಚುವುದಿಲ್ಲ, ಹಳೆಯ ದಾಖಲೆ ಎಂಬುದೂ ನೋಡುಗರಿಗೆ ತಾನಾಗಿ ತಿಳಿಯುತ್ತದೆ. ಮುಂದೆ ಅದೇ ಆಟದ ಮಿನಿಡಿವಿ ಟೇಪ್ ಅಥವಾ ಡಿವಿಡಿ ಸಿಕ್ಕರೆ ವಿಸಿಡಿಯನ್ನು ಬದಿಗಿಡಿ. ಅವು 720×576, ಆದರೆ ಇಂಟರ್‌ಲೇಸ್ಡ್, ಅಂದರೆ ಪ್ರತಿ ಫ್ರೇಮ್ ಫೀಲ್ಡ್ ಎಂಬ ಎರಡು ಅರೆಚಿತ್ರಗಳ ಹೆಣಿಗೆ. ಕೈ ಬೀಸಿದಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಡೀಇಂಟರ್‌ಲೇಸ್ ಮಾಡಬೇಕು. ಮಿನಿಡಿವಿಗೆ ಫೀಲ್ಡ್ ಕ್ರಮ ಯಾವಾಗಲೂ ‘ಬಾಟಮ್ ಫಸ್ಟ್’. ತಪ್ಪು ಕೊಟ್ಟರೆ ಚಲನೆ ಹಿಂದುಮುಂದು ಜಗ್ಗಿದಂತೆ ನಡುಗುತ್ತದೆ.

ಮುಂದಿನ ಆಟಕ್ಕೆ ಹೋಗುವಾಗ ಕ್ಯಾಮೆರಾವನ್ನು ಎಕ್ಸ್‌ಎವಿಸಿ ಎಸ್ 4ಕೆ, 25 ಫ್ರೇಮ್, 8-ಬಿಟ್ 4:2:0ಗೆ ಹಾಕಿ, ಲಾಗ್ ಬೇಡ, ಎಚ್.264 ಆದ್ದರಿಂದ ಉಚಿತ ರಿಸಾಲ್ವ್ ನೇರವಾಗಿ ತೆರೆಯುತ್ತದೆ. ಮೊಬೈಲಿಗೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಉಚಿತ ಆ್ಯಪ್ ಹಾಕಿ 25 ಫ್ರೇಮ್, ಶಟರ್ 1/50 ಎಂದು ಬಿಗಿ ಮಾಡಿ. ನಮ್ಮ ವಿದ್ಯುತ್ 50 ಹರ್ಟ್ಸ್. 30 ಫ್ರೇಮ್, 1/60ರಲ್ಲಿ ರಂಗಸ್ಥಳದ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಮಿಣುಕುತ್ತವೆ, ಆ ಮಿಣುಕು ಯಾವ ಕನ್ವರ್ಟರ್‌ಗೂ ಬಗ್ಗದು.

ಕನ್ವರ್ಟ್ ಆದ ಪ್ರತಿ ಫೈಲಿನ ಅವಧಿಯನ್ನು ಮೂಲದ ಅವಧಿಗೆ ಹೋಲಿಸಿ, ಕೊನೆಯ ಹತ್ತು ಸೆಕೆಂಡು ಓಡಿಸಿ ನೋಡಿ. ಅರ್ಧಕ್ಕೆ ನಿಂತ ಫೈಲುಗಳು ಸಿಕ್ಕಿಬೀಳುವುದು ಅಲ್ಲೇ. ಸಿನಿಮಾ ಮುಗಿದ ಮೇಲೆ ಪ್ರೋರೆಸ್ ಫೈಲುಗಳನ್ನು ಅಳಿಸಬಹುದು, ಬೇಕಾದಾಗ ಮತ್ತೆ ಮಾಡಿಕೊಳ್ಳಬಹುದು. ಕಾರ್ಡಿನ 180 ಜಿಬಿ, ಮೊಬೈಲಿನ ಮೂಲ ಫೈಲ್, ರೆಕಾರ್ಡರ್‌ನ ವೇವ್, ಡಿಎಟಿ ಇವು ಮಾತ್ರ ಎರಡು ಬೇರೆ ಡಿಸ್ಕುಗಳಲ್ಲಿ ಇರಲಿ.